ಚಿತ್ರದ ಹೊಳೆ ನಿಂತ ಭಾನುವಾರ

ಅರಕೆರೆಯಿಂದ ಮುಕ್ಕಾಲು ಮೈಲಿ ಆಚೆ, ನಾಲೆಯ ಎಡದಂಡೆಯಲ್ಲಿ ಒಂದು ತೂಬು ಇದೆ. ತೂಬಿನ ಮಗ್ಗುಲಿನ ಗೋಡೆಗೆ ಬಿಳಿಯ ತಗಡಿನ ಪಟ್ಟಿಯೊಂದನ್ನು ನೇರವಾಗಿ ನಿಲ್ಲಿಸಿ ಜಡಿದಿದ್ದಾರೆ. ಅದರ ಮೇಲೆ ಅಡಿಗೆ ಹತ್ತರಂತೆ ಉಬ್ಬಿದ ಕಪ್ಪು ಗೀಟುಗಳು. ನೀರು ಎಷ್ಟು ಆಳ ಹರಿಯುತ್ತಿದೆ ಎಂಬುದನ್ನು ಹೇಳುವ ಈ ಪಟ್ಟಿಗೆ ಗೇಜು ಎಂದು ಹೆಸರು. ನಾಲೆಯ ನೀರನ್ನು ನೋಡಿಕೊಳ್ಳುವ ನೀರುಗಂಟಿ ಮಂಚಯ್ಯ ಈ ಗೇಜನ್ನು ಮೊದಲ ಬಾರಿಗೆ ಓದಿದ್ದು 1989ನೆಯ ಇಸವಿ ಜುಲೈ 17ರಂದು, ಬೆಳಗ್ಗೆ ಆರು ಗಂಟೆಗೆ. ಅಂದು ಸೋಮವಾರ. ಮಂಗಳವಾರವೆಂದು ಹೇಳುವವರು ಊರಿನಲ್ಲಿ ಇಬ್ಬರಿದ್ದಾರೆ. ಅವರ ಲೆಕ್ಕ ತಪ್ಪು.

ಅಂದಿನಿಂದ ನಾಲೆಯಲ್ಲಿ ನೀರಿದ್ದ ಯಾವ ದಿನವೂ ಅವನು ತಪ್ಪಿಸಿಕೊಂಡವನಲ್ಲ. ಬೆಳಗ್ಗೆ ಆರಕ್ಕೊಂದು ಸಲ, ಸಂಜೆ ಆರಕ್ಕೊಂದು ಸಲ ದಂಡೆಯ ಮೇಲೆ ನಿಂತು ಗೇಜು ನೋಡಬೇಕು, ಪುಸ್ತಕದಲ್ಲಿ ಬರೆಯಬೇಕು, ನೀರಾವರಿ ಕಚೇರಿಯ ದೇವರಾಜುವಿಗೆ ಫೋನಿನಲ್ಲಿ ಹೇಳಬೇಕು. ಅವನ ಮದುವೆ ನಡೆದದ್ದು 1998ರ ಮೇ 10, ಭಾನುವಾರ. ನಾಲೆ ಒಣಗಿರುವ ತಿಂಗಳಲ್ಲೇ ಲಗ್ನ ಇಡಬೇಕೆಂದು ಗಂಡೇ ಹಟ ಹಿಡಿದದ್ದು ಆ ಸೀಮೆಯಲ್ಲಿ ಅದೊಂದೇ ಸಲವಿರಬೇಕು. ಹೆಂಡತಿ ಕುಳ್ಳಮ್ಮ ಇಂದಿಗೂ ಅದನ್ನು ಎತ್ತಿ ಆಡುತ್ತಾಳೆ. "ನೀರು ಬಂದಿದ್ರೆ ನನ್ನ ಕಟ್ಕೊತಾನೆ ಇರ್ಲಿಲ್ಲ ಈ ಮನ್ಸ."

ಗೇಜು ಓದುವುದು ಸುಲಭದ ಕೆಲಸವೆಂದು ನೋಡುವವರು ತಿಳಿಯುತ್ತಾರೆ. ಹಾಗಲ್ಲ. ಹರಿಯುವ ನೀರು ಒಂದು ಗೀಟಿನ ಮೇಲೆ ನಿಲ್ಲುವುದಿಲ್ಲ. ಉಸಿರಾಡುವ ಎದೆಯಂತೆ ಏರುತ್ತದೆ, ಇಳಿಯುತ್ತದೆ. ಮಂಚಯ್ಯನಿಗೆ ಕೆಲಸ ಕಲಿಸಿದ ದಾಸಯ್ಯ ಎಂಬ ಹಿರಿಯ ನೀರುಗಂಟಿ ಮೊದಲ ದಿನವೇ ಹೇಳಿಕೊಟ್ಟಿದ್ದ.

"ಒಂದೇ ಏಟ್ಗೆ ನೋಡಿ ಬರ್ಕೊಬ್ಯಾಡ ಕಣ್ಲಾ. ಮೂರು ಸಲ ಏರಾದ ನೋಡು, ಮೂರು ಸಲ ಇಳಿಯಾದ ನೋಡು. ನಡುವ್ಲದ್ದ ಬರ್ಕೊ. ಇನ್ನೊಂದು ತಿಳ್ಕೊ. ಗೇಜು ಸುಳ್ಳು ಯೋಳಾಕಿಲ್ಲ. ಸುಳ್ಳು ಯೋಳುದ್ರೆ ನಿನ್ನ ಕಣ್ಣೇ ಯೋಳ್ಬೇಕು."

ಮಂಚಯ್ಯ ಈ ಎರಡು ಮಾತುಗಳನ್ನು ಮಂತ್ರದಂತೆ ಇಟ್ಟುಕೊಂಡ. ಮೂರು ಏರು, ಮೂರು ಇಳಿತ. ಮೂವತ್ತೈದು ವರ್ಷಗಳಲ್ಲಿ ಒಂದು ಅಲೆ ಇನ್ನೊಂದರ ಹಾಗೆ ಬಂದದ್ದನ್ನು ಅವನು ಕಂಡಿರಲಿಲ್ಲ. ಒಂದೇ ನಾಲೆ, ಒಂದೇ ತೂಬು, ಒಂದೇ ಗೋಡೆ. ಆದರೂ ಪ್ರತಿ ಏರಿಗೂ ಅದರದೇ ಮುಖವಿತ್ತು. ಮುಂಜಾವಿನ ಮಬ್ಬಿನಲ್ಲಿ ದಂಡೆಯ ಮೇಲೆ ನಿಂತಾಗ ನೀರು ತನ್ನನ್ನು ನೋಡಿ ಗುರುತು ಹಿಡಿಯುತ್ತಿದೆಯೇನೋ ಎಂದು ಅವನಿಗೆ ಅನ್ನಿಸುವುದುಂಟು. ಯಾರಿಗೂ ಹೇಳಿದವನಲ್ಲ.

ಮಗಳು ಸಹನ ಜಪಾನಿನ ದೋಣಿ ಹುಡುಗಿಯನ್ನು ಮನೆಗೆ ಕರೆತಂದದ್ದು 2020ರ ಏಪ್ರಿಲ್ 26, ಭಾನುವಾರ. ಊರೂರೇ ಬಾಗಿಲು ಹಾಕಿಕೊಂಡಿದ್ದ ಕಾಲ. ಸಹನಳಿಗೆ ಆಗ ಹದಿನಾಲ್ಕು ವರ್ಷ. ರಾಗಿ ಹಿಟ್ಟಿನ ಡಬ್ಬಕ್ಕೆ ಫೋನು ಒರಗಿಸಿ ಏನನ್ನೋ ನೋಡುತ್ತ ಕುಳಿತಿದ್ದಳು. ಕೈಯಲ್ಲಿ ಬರೆದ ಚಿತ್ರಗಳೇ ಜೀವ ಬಂದು ಓಡಾಡುವ ಧಾರಾವಾಹಿ; ಅನಿಮೆ ಎಂದು ಅದರ ಹೆಸರಂತೆ. ವಾರಕ್ಕೊಂದು ಕಂತಿನಂತೆ ಅಲ್ಲಿ ವರ್ಷಗಟ್ಟಲೆ ನಡೆಯುತ್ತದೆಯಂತೆ. ಕಥಾನಾಯಕಿಯ ಹೆಸರು ಹಿನಾಸೆ. ಆ ಮನೆಯಲ್ಲಿ ಅದು ಇನಾಸೆ ಆಯಿತು.

"ಏನ್ ಮಾಡ್ತಾಳವ್ವ ಆ ಮಗ?" ಎಂದು ಮಂಚಯ್ಯ ಬಾಗಿಲಲ್ಲೇ ನಿಂತು ಕೇಳಿದ.

"ಒಳೆ ಉಟ್ಟೋ ಜಾಗ ನೋಡ್ಬೇಕು ಅಂತ ದೋಣಿಲಿ ಮ್ಯಾಲ್ಕ್ ವೋಯ್ತಾವ್ಳೆ ಕಣಪ್ಪ. ವಾರಕ್ಕೊಂದೂರು ಸಿಕ್ತದೆ."

"ಕೊಡಗ್ಗೆ ವೊಂಟವ್ಳೆ ಅನ್ನು," ಎಂದು ಮಂಚಯ್ಯ ನಕ್ಕ. ನಕ್ಕವನು ಫೋನಿನತ್ತ ಬಗ್ಗಿದ. ಬಗ್ಗಿದವನು ಕುಳಿತ.

ಆ ಪುಟ್ಟ ಗಾಜಿನೊಳಗೆ ಒಂದು ಹೊಳೆ ಹರಿಯುತ್ತಿತ್ತು. ನೀರು ಒಂದು ಬಂಡೆಗೆ ಬಡಿದು ಎರಡಾಯಿತು. ಬಲಕ್ಕೆ ಹೋದದ್ದು ಬೇಗ ಹೋಯಿತು, ಎಡಕ್ಕೆ ಹೋದದ್ದು ತಡೆದು ತಡೆದು ಸುಳಿಯಾಯಿತು. ಸುಳಿಯಲ್ಲಿ ಒಂದು ಎಲೆ ಎರಡು ಸುತ್ತು ಸುತ್ತಿ, ಮೂರನೆಯದಕ್ಕೆ ಮನಸ್ಸು ಬದಲಿಸಿದಂತೆ ಬಿಡಿಸಿಕೊಂಡು ಹೊರಟುಹೋಯಿತು. ಮಂಚಯ್ಯನಿಗೆ ಮೈ ಜುಮ್ಮೆಂದಿತು.

"ಇದ ಬರ್ದೋನು ದಂಡೆ ಮ್ಯಾಲೆ ಕುಂತಿದ್ದೋನು ಕಣವ್ವ," ಎಂದ. "ಒಂದಿನ ಎಲ್ಡಿನ ಅಲ್ಲ. ಬೋ ದಿನ ಕುಂತವ್ನೆ."

ಅಂದಿನಿಂದ ತಂದೆ ಮಗಳು ಕೂಡಿ ನೋಡುವುದು ಪದ್ಧತಿಯಾಯಿತು. ಹಳೆಯ ಕಂತುಗಳೆಲ್ಲ ಒಂದೂವರೆ ವರ್ಷದಲ್ಲಿ ಮುಗಿದು, ಮುಂದೆ ಭಾನುವಾರಕ್ಕೊಂದು ಹೊಸದು ಬರತೊಡಗಿತು. ಸಂಜೆ ಆರರ ಗೇಜು ಓದಿ ಮಂಚಯ್ಯ ಮನೆಗೆ ಬರುವ ಹೊತ್ತಿಗೆ ಸಹನ ಗೋಡೆಯ ಟಿ.ವಿ.ಗೆ ಫೋನು ಹೊಂದಿಸಿಟ್ಟಿರುತ್ತಿದ್ದಳು. ಮಾತು ಜಪಾನಿಯದು, ಕೆಳಗೆ ಓಡುವ ಅಕ್ಷರ ಇಂಗ್ಲಿಷಿನದು; ಸಹನ ಅದನ್ನು ಓದಿಕೊಂಡು ಅರಕೆರೆಯ ಮಾತಿನಲ್ಲಿ ಅಪ್ಪನಿಗೆ ಹೇಳುತ್ತಿದ್ದಳು. ಹೀಗಾಗಿ ಆ ಹುಡುಗಿ ಜಪಾನಿನ ಯಾವುದೋ ಘಟ್ಟದಲ್ಲಿ ದೋಣಿ ಕಟ್ಟಿ, "ಅಜ್ಜಿ, ಒಸಿ ನೀರ್ ಕೊಡಿ, ಬಾಯಾರ್ಬುಟ್ಟದೆ" ಎನ್ನುತ್ತಿದ್ದಳು. ಕುಳ್ಳಮ್ಮ ಒಳಗಿನಿಂದ, "ಕೊಡ್ರವ್ವ ಯಾರಾನ, ಪಾಪ" ಎನ್ನುತ್ತಿದ್ದಳು.

ಗೇಜಿನ ಹತ್ತಿರ ಒಬ್ಬನೇ ನಿಂತಾಗ ಮಂಚಯ್ಯನಿಗೆ ಒಂದು ಹಗಲುಗನಸು ಬೀಳುವುದು ರೂಢಿಯಾಯಿತು. ಮಂಜಿನೊಳಗಿಂದ ಆ ದೋಣಿ ಬಂದು ತೂಬಿನ ಬಾಯಲ್ಲಿ ನಿಲ್ಲುತ್ತದೆ. ಹುಡುಗಿ ಹುಟ್ಟನ್ನು ಮೊಣಕಾಲ ಮೇಲೆ ಅಡ್ಡ ಇಟ್ಟು, ತಲೆಯೆತ್ತಿ, "ಎಷ್ಟದೆ ಮಾವ ನೀರು?" ಎಂದು ಕೇಳುತ್ತಾಳೆ. ಇವನು ಹೇಳುತ್ತಾನೆ. ಸರಿ ಎಂದು ತಲೆಯಾಡಿಸಿ ಮುಂದೆ ಹೋಗುತ್ತಾಳೆ. ಅಷ್ಟೇ ಕನಸು. ಅವಳಿಗೆ ತಪ್ಪು ಹೇಳಬಾರದೆಂದು ಅವನು ನಾಲ್ಕನೆಯ ಏರನ್ನೂ ನೋಡುತ್ತಿದ್ದ.

2024ರ ಆಗಸ್ಟ್ 4, ಭಾನುವಾರ ಸಂಜೆ, ಮುನ್ನೂರ ಎಂಬತ್ತೊಂಬತ್ತನೆಯ ಕಂತಿನಲ್ಲಿ ಹೊಳೆ ನಿಂತಿತು.

ಮಂಚಯ್ಯ ಕಣ್ಣು ಉಜ್ಜಿಕೊಂಡು ನೋಡಿದ. ದೋಣಿಯ ಸುತ್ತ ನೀರಿತ್ತು, ನೀಲಿಯಾಗಿತ್ತು, ಆದರೆ ನಡೆಯುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಒಂದು ಅಲೆ ಎದ್ದಿತು. ಅದೇ ಅಲೆ ಮತ್ತೆ ಎದ್ದಿತು. ಮತ್ತೆ ಅದೇ. ಅವನು ಎಣಿಸಿದ: ಮೂರು ಅಲೆ, ಆಮೇಲೆ ಮೊದಲನೆಯದು, ಆಮೇಲೆ ಎರಡನೆಯದು. ಗಾಣದ ಎತ್ತಿನಂತೆ ಹೊಳೆ ನಿಂತಲ್ಲೇ ಸುತ್ತುತ್ತಿತ್ತು.

"ಈಗೇನಾಯ್ತಾ ಅದೆ?" ಎಂದು ಮೆಲ್ಲನೆ ಕೇಳಿದ.

"ಒಳೆ ಉಕ್ತಾ ಅದೆ ಕಣಪ್ಪ," ಎಂದಳು ಸಹನ. "ನೀರು ಭೋರ್ ಅಂತ ಬತ್ತಾ ಅದೆ. ಇನಾಸೆ ಅದ್ನೇ ನೋಡ್ಕೊಂಡು ಯೋಚ್ನೆ ಮಾಡ್ತಾ ಕುಂತವ್ಳೆ."

ಮಂಚಯ್ಯ ಮತ್ತೊಮ್ಮೆ ಟಿ.ವಿ.ಯತ್ತ ನೋಡಿದ. ಮಗಳ ಕಣ್ಣಿಗೆ ಉಕ್ಕುವ ನೀರು ತನ್ನ ಕಣ್ಣಿಗೆ ನಿಂತು ಕಾಣುತ್ತಿದೆ. ಅಂದಮೇಲೆ ಕೆಟ್ಟಿರುವುದು ಯಾವುದು?

ಮರುವಾರವೂ ಹಾಗೆಯೇ ಆಯಿತು. ಮುಂದಿನ ವಾರಗಳಲ್ಲಿ ಇನ್ನೂ ಹೆಚ್ಚಾಯಿತು. ಹುಡುಗಿಯ ಒಂದು ಕಣ್ಣು ಇನ್ನೊಂದಕ್ಕಿಂತ ಕೆಳಗೆ ಜಾರಿದಂತೆ ಕಂಡಿತು. ದೂರದಲ್ಲಿ ನಿಂತ ಜನಕ್ಕೆ ಮೂಗು ಬಾಯಿ ಕಾಣಲಿಲ್ಲ. ಹಿಟ್ಟಿನ ಉಂಡೆಗಳಂತೆ ಮುಖಗಳು. ಹುಟ್ಟು ಹಿಡಿದ ಕೈಯಲ್ಲಿ ಒಮ್ಮೆ ನಾಲ್ಕೇ ಬೆರಳಿದ್ದವು. ಒಂದು ಇಡೀ ಜಗಳ ನಡೆದುಹೋಯಿತು, ಮಾತು ಮಾತ್ರ ಕೇಳಿಸಿತು. ಚಿತ್ರದಲ್ಲಿ ಒಂದು ಮರ ಇತ್ತು. ಸಹನ ಮಾತ್ರ ಒಂದೇ ಉಸಿರಿನಲ್ಲಿ ಹೇಳುತ್ತಲೇ ಇದ್ದಳು: ಈಗ ಓಡ್ತಾವ್ರೆ, ಈಗ ಬಿದ್ದ, ಈಗ ಇನಾಸೆ ತಿರುಗಿ ನೋಡುದ್ಲು. ಮಂಚಯ್ಯನಿಗೆ ಮರ ಕಾಣುತ್ತಿತ್ತು.

ಆ ಚಿತ್ರಗಳಲ್ಲೇ ದೋಷವಿರಬಹುದೆಂದು ಅವನಿಗೆ ತೋರಲಿಲ್ಲ. ಗೇಜಿಗೂ ಕಣ್ಣಿಗೂ ವ್ಯಾಜ್ಯ ಬಂದರೆ ಕಣ್ಣೇ ಸುಳ್ಳು ಎಂದು ನಂಬಿ ಮೂವತ್ತೈದು ವರ್ಷ ಬದುಕಿದವನು. ಅಷ್ಟು ದೂರದ ದೇಶದವರು, ಅಂಥ ಎಲೆಯನ್ನು ಬರೆದವರು, ನಾಲ್ಕು ಬೆರಳು ಬರೆದಾರೆಯೇ? ಇಲ್ಲ. ಬೆರಳು ಐದೇ ಇವೆ. ಒಂದನ್ನು ತನ್ನ ಕಣ್ಣು ನುಂಗಿದೆ.

ಹೀಗೆ ಅಂದುಕೊಂಡಾಗ ಅವನಿಗೆ ದಾಸಯ್ಯ ನೆನಪಾಗುತ್ತಿದ್ದ. 1996ರ ಸೆಪ್ಟೆಂಬರ್ 9, ಸೋಮವಾರ. ಪೊರೆ ಬಂದ ಕಣ್ಣನ್ನು ಯಾರಿಗೂ ಹೇಳದೆ ಮುಚ್ಚಿಟ್ಟಿದ್ದ ದಾಸಯ್ಯ ಅಂದು ತನ್ನ ಪಾಲಿನ ಇನ್ನೊಂದು ತೂಬಿನಲ್ಲಿ ಮೂರು ಅಡಿಯ ನೀರನ್ನು ನಾಲ್ಕು ಅಡಿ ಎಂದು ಬರೆದ. ನೀರು ಬೇಕಾದಷ್ಟಿದೆ ಎಂದು ಮೇಲಿನವರು ನಾಲೆಯ ಬಾಗಿಲು ತಗ್ಗಿಸಿದರು. ನಾಲೆಯ ಕೊನೆಭಾಗದ ಗದ್ದೆಗಳಲ್ಲಿ ನಾಟಿ ನೀರಿಲ್ಲದೆ ಕೆಂಪಾಯಿತು. ದಾಸಯ್ಯನನ್ನು ಬೈಯಲಿಲ್ಲ, ಹೊಡೆಯಲಿಲ್ಲ. ಪುಸ್ತಕ ಇಸಕೊಂಡು ಕಚೇರಿಯ ಗೇಟಿನಲ್ಲಿ ಸ್ಟೂಲು ಹಾಕಿ ಕೂರಿಸಿದರು. ಆಮೇಲೆ ಸಾಯುವತನಕ ಆ ಮುದುಕ ದಿನಾ ದಂಡೆಗೆ ಬಂದು, ಬೇರೆ ಕಡೆಗೆ ಮುಖ ಮಾಡಿ ಕುಳಿತು, "ಎಷ್ಟದೆ ಲಾ ಮಂಚ?" ಎಂದು ಕೇಳುತ್ತಿದ್ದ. ಮಂಚಯ್ಯ ಹೇಳುತ್ತಿದ್ದ. ಮುದುಕ ಗೀಟುಗಳನ್ನು ಬಾಯಲ್ಲಿ ಇಟ್ಟುಕೊಂಡು, ಕಲ್ಲುಸಕ್ಕರೆ ಚೀಪಿದಂತೆ, ಹೊತ್ತು ಮುಳುಗುವವರೆಗೂ ಕುಳಿತಿರುತ್ತಿದ್ದ.

ಅಕ್ಟೋಬರ್ 14ರಂದು ಕಚೇರಿಯಿಂದ ಒಂದು ಕಾಗದ ಬಂತು. ಐವತ್ತೈದು ದಾಟಿದ ನೀರುಗಂಟಿಗಳೆಲ್ಲ ನವೆಂಬರ್ 30ರ ಶನಿವಾರದೊಳಗೆ ಕಣ್ಣಿನ ಪ್ರಮಾಣಪತ್ರ ತಂದುಕೊಡಬೇಕು. ಮಂಚಯ್ಯನಿಗೆ ಆಗ ಐವತ್ತೆಂಟು.

"ಸುಮ್ಕೆ ನಾಮ್ಕಾವಸ್ತೆ ಕಣಣ್ಣೋ," ಎಂದ ದೇವರಾಜು ಫೋನಿನಲ್ಲಿ. "ನಿನ್ ಕಣ್ಗೇನಾಗದೆ, ಅದ್ದಿನ ಕಣ್ಣು. ಒಂದಿನ ವೋಗಿ ತಂದ್ಬುಡು."

ಹದ್ದಿನ ಕಣ್ಣಿನವನು ಅಂದು ಸಂಜೆ ಗೇಜನ್ನು ದಂಡೆಯಿಂದ ನೋಡಿದ. ನಾಲ್ಕು ಅಡಿ ಎರಡು ಗೀಟು. ನಿಜವೇ? ನಂಬಿಕೆ ಬರಲಿಲ್ಲ. ತೂಬಿನ ಪಕ್ಕದಲ್ಲಿ ನೀರಿಗೆ ಇಳಿಯುವ ಏಳು ಮೆಟ್ಟಿಲುಗಳಿವೆ, ಪಾಚಿ ಹಿಡಿದಿವೆ, ನೀರಿದ್ದಾಗ ಯಾರೂ ಇಳಿಯುವುದಿಲ್ಲ. ಮಂಚಯ್ಯ ಒಂದು ಕೈಯಲ್ಲಿ ಗೋಡೆ ಹಿಡಿದು ಮೊಣಕಾಲುಮಟ್ಟ ಇಳಿದು, ಪಟ್ಟಿಯ ಗೀಟುಗಳನ್ನು ಬೆರಳಿನಿಂದ ತಡವಿ ಎಣಿಸಿದ. ನಾಲ್ಕು ಅಡಿ ಎರಡು ಗೀಟು. ಆಮೇಲೆಯೇ ದೇವರಾಜುವಿಗೆ ಹೇಳಿದ.

ಅಂದಿನಿಂದ ದಿನಕ್ಕೆ ಎರಡು ಸಲ ಇಳಿಯತೊಡಗಿದ. ನಾಲೆಯ ಸೆಳೆತ ಕಾಲನ್ನು ಎಳೆಯುತ್ತಿತ್ತು. ಒಮ್ಮೆ ಜಾರಿ ತೂಬಿನ ಸರಳು ಹಿಡಿದು ಉಳಿದ. ಎರಡು ಪಂಚೆಗಳೂ ಸದಾ ಒದ್ದೆ.

"ನಿಮ್ಗೇನ್ ಬಂದದೆ ಈ ವಯಸ್ನಲ್ಲಿ?" ಎಂದಳು ಕುಳ್ಳಮ್ಮ ಪಂಚೆ ಹಿಂಡುತ್ತ. "ಮೂವತ್ತೈದು ವರ್ಸ ದಂಡೆ ಮ್ಯಾಲೆ ನಿಂತು ನೋಡ್ತಿದ್ರಿ. ಈಗ ನೀರೊಳ್ಗೆ ಇಳ್ದು ಮಾತಾಡ್ಸ್ಕೊಂಡ್ ಬತ್ತೀರೋ ಎಂಗೆ?"

"ಕೆಸರು ತುಂಬ್ಕೊಂಡದೆ. ಒರೆಸ್ತೀನಿ," ಎಂದ ಮಂಚಯ್ಯ.

"ದಿನಾ ಎಲ್ಡೊತ್ತು ಒರೆಸಾಕೆ ಅದೇನ್ ದೇವ್ರ ಮನೆಯಾ?"

ಅವನು ಒದ್ದೆ ಕಾಲು ಒರೆಸಿಕೊಂಡು ಒಳಗೆ ಹೋದ. ಹಗಲುಗನಸೂ ಕೆಟ್ಟಿತ್ತು. ದೋಣಿ ತೂಬಿಗೆ ಬಂದು ನಿಂತು ಹುಡುಗಿ "ಎಷ್ಟದೆ ಮಾವ?" ಎಂದು ಕೇಳಿದರೆ, ಇವನು "ತಡಿ ತಾಯಿ, ಮುಟ್ಟಿ ನೋಡ್ತೀನಿ" ಎನ್ನಬೇಕಾಗಿತ್ತು. ಅವಳು ಕಾಯುತ್ತಿದ್ದಳು. ದೋಣಿಯ ಸುತ್ತ ನೀರು ಅಲುಗುತ್ತಿರಲಿಲ್ಲ.

ಕಾಗದದ ಗಡುವಿಗೆ ನಾಲ್ಕು ದಿನ ಉಳಿದಾಗ, ನವೆಂಬರ್ 26ರ ಮಂಗಳವಾರ, ಬೆಳಗಿನ ಗೇಜು ಮುಗಿಸಿ ಅವನು ಒಗೆದ ಅಂಗಿ ಹಾಕಿಕೊಂಡ. ಶೀಳನೆರೆಯಲ್ಲಿರುವ ಅಕ್ಕ ಪುಟ್ಟಲಕ್ಷ್ಮಮ್ಮನನ್ನು ನೋಡಿ ಬರುತ್ತೇನೆಂದು ಮನೆಯಲ್ಲಿ ಹೇಳಿದ. ಹೋದದ್ದು ನಾಗಮಂಗಲಕ್ಕೆ. ಶ್ರೀರಂಗಪಟ್ಟಣದಲ್ಲಾದರೆ ಆಸ್ಪತ್ರೆಯ ಬೆಂಚಿನ ಮೇಲೆ ನಾಲ್ವರಾದರೂ ಗುರುತಿನವರು, ಪಾಂಡವಪುರದಲ್ಲಿ ಕಚೇರಿಯವರ ನೆಂಟರು, ಕೆ.ಆರ್.ಪೇಟೆಯಲ್ಲಿ ಅಕ್ಕನ ಮಕ್ಕಳು. ತನ್ನ ಕುರುಡು ಯಾರಿಗೂ ತಿಳಿಯದ ಊರು ಅವನ ಲೆಕ್ಕದಲ್ಲಿ ನಾಗಮಂಗಲ ಒಂದೇ.

ಬಸ್ಸು ಪಾಂಡವಪುರ ದಾಟಿತು. ಕುಂತಿಬೆಟ್ಟದ ಎರಡು ಕೋಡುಗಳು ಎಳೆಬಿಸಿಲಿನಲ್ಲಿ ತೇಲಿದಂತೆ ನಿಂತಿದ್ದವು. ಕಬ್ಬಿನ ಗದ್ದೆಯ ಸೂಲಂಗಿ ಹೂಗಳು ಹಿಂದಕ್ಕೆ ಹಿಂದಕ್ಕೆ ಬಾಗಿ ಹೋದವು. ಮಂಚಯ್ಯ ಎಲ್ಲವನ್ನೂ ಬೀಳ್ಕೊಡುವವನಂತೆ ನೋಡಿದ. ಒಂದು ಬೆಳ್ಳಕ್ಕಿ ಎದ್ದಿತು. ಅದರ ರೆಕ್ಕೆಯ ಬಡಿತವನ್ನು ಎಣಿಸಿದ. ಒಂದೂ ಇನ್ನೊಂದರ ಹಾಗಿರಲಿಲ್ಲ. ಬೆಳ್ಳಕ್ಕಿ ಸರಿಯಾಗಿ ಕಾಣುತ್ತಿದೆಯಲ್ಲ ಎಂಬ ಸಂಶಯ ಒಂದು ಗಳಿಗೆ ಸುಳಿಯಿತು. ಸುಳಿದದ್ದು ಬಸ್ಸಿನ ಧೂಳಿನಲ್ಲಿ ಹಿಂದೆ ಉಳಿಯಿತು.

ನಾಗಮಂಗಲದ ಆ ಚಿಕ್ಕ ಕಣ್ಣಿನ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡುವವಳು ಪವಿತ್ರ ಎಂಬ ತರುಣಿ. ಗೋಡೆಯ ಮೇಲೆ ಕನ್ನಡ ಅಕ್ಷರಗಳ ಹಲಗೆ. ಮೇಲೆ ದಪ್ಪ, ಕೆಳಗೆ ಬರಬರುತ್ತ ಸಣ್ಣ.

"ಎಲ್ಲಿವರೆಗೂ ಕಾಣ್ತದೋ ಅಲ್ಲಿವರೆಗೂ ಓದಿ ಯಜಮಾನ್ರೆ."

ಮಂಚಯ್ಯ ಕೈಮುಗಿಯುವವನಂತೆ ನಿಂತು ಓದಿದ. ಮೊದಲ ಸಾಲು. ಎರಡನೆಯದು. ಆರನೆಯದು. ಏಳನೆಯ ಸಾಲು ಮುಗಿಯಿತು. ಅವನು ನಿಲ್ಲಿಸಲಿಲ್ಲ.

"ಮುದ್ರಣ, ಮೈಸೂರು. ಬೆಲೆ ನೂರಿಪ್ಪತ್ತು ರೂಪಾಯಿ," ಎಂದ.

ಪವಿತ್ರ ತಿರುಗಿ ನೋಡಿದಳು. ಹಲಗೆಯ ಹತ್ತಿರ ಹೋಗಿ ಬಗ್ಗಿ ನೋಡಿದಳು. "ಇದೊಂದು ಇಲ್ಲಿದೆ ಅಂತ ಇವತ್ತೇ ಗೊತ್ತಾಗಿದ್ದು ನಂಗೆ!"

ಅವಳು ದೀಪ ಹಾಕಿ ನೋಡಿದಳು, ಗಾಜು ಬದಲಿಸಿ ನೋಡಿದಳು. ವೈದ್ಯರೂ ಬಂದು ನೋಡಿದರು. ದೂರದ ನೋಟ ಇಪ್ಪತ್ತು ವರ್ಷದವನದು, ಪೊರೆಯಿಲ್ಲ, ಏನೂ ಇಲ್ಲ. ಪತ್ರಿಕೆ ಓದಲು ಮಾತ್ರ ಒಂದು ಕನ್ನಡಕ ಇಟ್ಟುಕೊಳ್ಳಬೇಕು ಎಂದು ಬರೆದು ಮೊಹರು ಒತ್ತಿದರು. ಬೇರೆ ಯಾರಾದರೂ ಆಗಿದ್ದರೆ ಕುಣಿಯುತ್ತಿದ್ದರು. ಮಂಚಯ್ಯ ಕುರ್ಚಿ ಬಿಟ್ಟು ಏಳಲಿಲ್ಲ.

"ಇನ್ನೊಂದ್ಸಲ ನೋಡವ್ವ," ಎಂದ. "ನಿಂತಿರೋದು ಚೆನ್ನಾಗಿ ಕಾಣ್ತದೆ. ಓಡೋದು ನಿಂತಂಗೆ ಕಾಣ್ತದೆ. ಅದಕ್ಕೆ ನಿಮ್ತಾವ ಹಲಗೆ ಇಲ್ವಾ?"

"ಏನು ಓಡೋದು ನಿಂತಂಗೆ ಕಾಣೋದು?"

"ನೀರು."

"ನಾಲೆ ನೀರಾ?"

ಮಂಚಯ್ಯ ಹೌದೆನ್ನಲು ಹೊರಟ. ನಾಲೆಯ ನೀರು? ಅಂದು ಬೆಳಗ್ಗೆ ನೋಡಿದ್ದ. ಮೂರು ಏರು, ಮೂರು ಇಳಿತ. ಮೂರನೆಯ ಏರು ಗೋಡೆಯ ಬಿರುಕಿಗೆ ನುಗ್ಗಿ ಬಾಯಿ ಮುಕ್ಕಳಿಸಿದಂತೆ ಹೊರಬಂದಿತ್ತು. ಒಂದು ದಿನವಾದರೂ ನಾಲೆಯ ನೀರು ನಿಂತಂತೆ ಕಂಡದ್ದಿಲ್ಲ. ಬೆರಳಿನಿಂದ ಎಣಿಸಿದ ಗೀಟಿಗೂ ಕಣ್ಣು ಕಂಡ ಗೀಟಿಗೂ ಒಂದು ದಿನವಾದರೂ ವ್ಯತ್ಯಾಸ ಬಂದದ್ದಿಲ್ಲ.

"ಇಲ್ಲ ಕಣವ್ವ," ಎಂದ ಮೆಲ್ಲನೆ. "ಟಿ.ವಿ. ನೀರು."

"ಅಯ್ಯೋ, ಟಿ.ವಿ. ರಿಪೇರಿ ಮಾಡೋರ್ತಾವ ಹೋಗಿ ಯಜಮಾನ್ರೆ! ನಮ್ತಾವ ಯಾಕ್ ಬಂದ್ರಿ!" ಎಂದು ಪವಿತ್ರ ನಕ್ಕು ಮುಂದಿನವರನ್ನು ಕರೆದಳು.

ಮನೆ ತಲುಪಿದಾಗ ನಾಲ್ಕೂವರೆ. ಜಗುಲಿಯ ಮೇಲೆ ಕುಳ್ಳಮ್ಮ ಅವರೆಕಾಯಿ ಬಿಡಿಸುತ್ತಿದ್ದಳು.

"ಅತ್ಗೆಮ್ಮ ಎಂಗವ್ರೆ?"

"ಅವ್ರೆ, ಚೆಂದಾಗವ್ರೆ."

"ಚೆಂದಾಗೇ ಅವ್ರೆ. ಅನ್ನೊಂದ್ಗಂಟೇಲಿ ಫೋನ್ ಮಾಡಿದ್ರು. ತಮ್ಮ ಬಂದು ಆರ್ ತಿಂಗ್ಳಾಯ್ತು, ಸತ್ನೋ ಬದುಕವ್ನೋ ಅಂದ್ರು. ನಿಮ್ಮುಂದೇನೆ ಕುಂತವ್ರಲ್ಲ, ಕಣ್ಬುಟ್ಟು ನೋಡಿ ಅತ್ಗೆಮ್ಮ ಅಂದೆ ನಾನು."

ಮಂಚಯ್ಯ ಜೇಬಿನಿಂದ ಪ್ರಮಾಣಪತ್ರ ತೆಗೆದು ಅವರೆಕಾಯಿಯ ಮೊರದಲ್ಲಿಟ್ಟ. ಕುಳ್ಳಮ್ಮನಿಗೆ ಓದು ಬಾರದು. ಮೊಹರು ನೋಡಿ ಮುಖ ಬಿಳಿಚಿತು. ಕಾಲೇಜು ಮುಗಿಸಿ ಆಗತಾನೇ ಶ್ರೀರಂಗಪಟ್ಟಣದ ಬಸ್ಸಿಳಿದು ಬಂದಿದ್ದ ಸಹನ ಅದನ್ನು ತೆಗೆದುಕೊಂಡು ಓದಿದಳು.

"ಕಣ್ ಚೆನ್ನಾಗವೆ ಅಂತ ಬರ್ದವ್ರಲ್ಲಪ್ಪ. ಅದಕ್ಕ್ಯಾಕೆ ನಾಗಮಂಗಲಕ್ಕೆ ಕದ್ದು ವೋಗಿದ್ದೆ?"

ಅವನು ಎಲ್ಲವನ್ನೂ ಹೇಳಿದ. ಆಗಸ್ಟ್ 4ರ ಹೊಳೆಯಿಂದ ಹಿಡಿದು ನಾಲ್ಕು ಬೆರಳು, ಹಿಟ್ಟಿನ ಉಂಡೆಯ ಮುಖ, ಜಗಳವಾಡಿದ ಮರ, ದಾಸಯ್ಯನ ಸ್ಟೂಲು, ಏಳು ಮೆಟ್ಟಿಲು, ಜಾರಿದ ಕಾಲು, ಒಂದನ್ನೂ ಬಿಡದೆ, ವಾರ ತಾರೀಖು ಸಮೇತ ಹೇಳಿದ. ಕೇಳುತ್ತ ಕೇಳುತ್ತ ಸಹನಳ ಮುಖ ಕೆಳಗಾಯಿತು.

"ನಾಲ್ಕೇ ಬೆರಳಿದ್ದಿದ್ದು ಕಣಪ್ಪ," ಎಂದಳು.

"ಏನಂದೆ?"

"ನಾಲ್ಕೇ ಬರ್ದಿದ್ರು. ಒಳೆನೂ ನಿಂತೇ ಇತ್ತು. ಉಕ್ತಾ ಇರ್ಲಿಲ್ಲ. ನಾನೇ ಸುಳ್ ಯೋಳ್ದೆ."

ಕುಳ್ಳಮ್ಮನ ಕೈಯಲ್ಲಿನ ಅವರೆಕಾಯಿ ನಿಂತಿತು. "ಯಾಕಮ್ಮಿ?"

"ಚಿತ್ರ ಕೆಡ್ತಾ ಬಂತು. ಎಲ್ರೂ ಬೈತಾವ್ರೆ, ಫೋನ್ ತುಂಬ ಅದೇ. ಅಪ್ಪ ಅದ್ರಲ್ಲಿ ನೀರ್ನೇ ನೋಡೋದು. ನೀರ್ ಕೆಟ್ಟದೆ ಅಂತ ಗೊತ್ತಾದ್ರೆ ಎದ್ದೋಗ್ಬುಡ್ತದೆ, ಆಮೇಲೆ ಭಾನ್ವಾರ ನಂಜೊತೆ ಕೂರಾಕಿಲ್ಲ ಅಂದ್ಕೊಂಡೆ. ಅದಕ್ಕೆ ಕಾಣ್ದಿದ್ದೆಲ್ಲ ಕಾಣ್ತದೆ ಅಂತ ಯೋಳ್ತಾ ಬಂದೆ." ಅವಳು ಹಗ್ಗದ ಮೇಲೆ ಒಣಗುತ್ತಿದ್ದ ಪಂಚೆಯತ್ತ ನೋಡಿದಳು. "ನೀನು ನೀರ್ಗಿಳಿತೀಯ ಅಂತ ನಂಗೇನ್ ಗೊತ್ತಿತ್ತಪ್ಪ?"

ಮಂಚಯ್ಯ ಜಗುಲಿಯ ಅಂಚಿನಲ್ಲಿ ಕುಳಿತ. ಬೇಲಿಯ ಆಚೆ ಯಾರದೋ ಎತ್ತಿನ ಗಂಟೆ ಹಾದುಹೋಯಿತು. ಕಣ್ಣು ಸುಳ್ಳು ಹೇಳಿರಲಿಲ್ಲ. ಕಿವಿ ಕೇಳಿದ್ದು ಸುಳ್ಳು. ಅದೂ ಪ್ರೀತಿಯ ಸುಳ್ಳು. ದಾಸಯ್ಯ ಇದನ್ನು ಹೇಳಿಕೊಟ್ಟಿರಲಿಲ್ಲ.

"ಯಾಕವ್ವ ಕೆಟ್ಟೋಯ್ತು?" ಎಂದು ಕೊನೆಗೆ ಕೇಳಿದ. "ಅಂತಾ ಎಲೆ ಬರ್ದಿದ್ರಲ್ಲ."

ಸಹನ ಕಣ್ಣೊರಸಿಕೊಂಡು, ತಾನು ಓದಿ ತಿಳಿದದ್ದನ್ನು ಹೇಳಿದಳು. ಒಂದು ಕಂತಿಗೆ ಸಾವಿರಾರು ಚಿತ್ರ ಬೇಕು. ಮೊದಮೊದಲು ತಿಂಗಳುಗಟ್ಟಲೆ ಮುಂಚೆಯೇ ಬರೆದು ಇಟ್ಟುಕೊಂಡಿರುತ್ತಾರೆ. ವಾರ ವಾರ ಬಿಡುತ್ತ ಹೋದಂತೆ ಇಟ್ಟದ್ದು ತೀರುತ್ತದೆ. ವಾರ ಮಾತ್ರ ನಿಲ್ಲುವುದಿಲ್ಲ. ಬರೆಯುವ ಜನ ಅಷ್ಟೇ, ದಿನ ಏಳೇ. ಯಾರು ಯಾರಿಗೋ ಹಂಚುತ್ತಾರೆ, ನಿದ್ದೆಗೆಟ್ಟು ಬರೆಯುತ್ತಾರೆ, ಎರಡು ಚಿತ್ರ ಬರೆಯುವ ಕಡೆ ಒಂದು ಬರೆಯುತ್ತಾರೆ, ಹಳೆಯ ಅಲೆಯನ್ನೇ ತಂದು ಹಾಕುತ್ತಾರೆ.

ಮಂಚಯ್ಯನ ಮುಖ ಮೆಲ್ಲಗೆ ತಿಳಿಯಾಯಿತು. ಇದು ಅವನಿಗೆ ಗೊತ್ತಿದ್ದ ವಿಷಯ.

"ಅಂಗನ್ನು," ಎಂದ. "ಕಟ್ಟೇಲಿ ನೀರಿದ್ದಾಗ ನಾಲೆ ತುಂಬ ಬುಟ್ರು. ಕಟ್ಟೆ ಬರಿದಾಯ್ತು. ಈಗ ವಾರದ ಸರದಿ ತಪ್ಪುಸ್ಬಾರ್ದು ಅಂತ ಬಂದಷ್ಟ್ನೇ ಬುಡ್ತಾವ್ರೆ. ಕೊನೆಭಾಗಕ್ಕೆ ಪಾದ ನೆನೆಯೋವಷ್ಟು ಬಂದ್ರೂ ಬಂತು ಅಂತಾನೆ ಲೆಕ್ಕ." ಸ್ವಲ್ಪ ತಡೆದು, "ಬೈಬ್ಯಾಡಿ ಅವ್ರ್ನ. ಬಾಗ್ಲು ಎತ್ತೋನ್ದೇನ್ ತಪ್ಪದೆ? ಕಟ್ಟೇಲಿಲ್ಲ," ಎಂದ.

"ಅಂಗಾರೆ ಭಾನ್ವಾರ ಕೂರ್ತೀಯಾ?"

"ಕೂರ್ದೆ? ಆ ಮಗ ಇನ್ನೂ ಕೊಡಗು ಮುಟ್ಟಿಲ್ಲ." ಪ್ರಮಾಣಪತ್ರವನ್ನು ಮೊರದಿಂದ ಎತ್ತಿ ಮಡಿಸಿದ. "ಒಂದ್ ಮಾತು ಕಣವ್ವ. ಬರ್ದಿರೋದ್ನ ಮಾತ್ರ ಓದು. ನೀರ್ನ ನಂಗ್ ಬುಡು."

ಗುರುವಾರ ಪತ್ರ ಕಚೇರಿಗೆ ತಲುಪಿತು. ದೇವರಾಜು ಅದನ್ನು ಓದದೆಯೇ ಕಡತಕ್ಕೆ ಸೇರಿಸಿದ.

ಡಿಸೆಂಬರ್ 1, ಭಾನುವಾರ. ಸಂಜೆ ನಾನೂರ ಆರನೆಯ ಕಂತು ಬಂತು. ಹೊಳೆ ಬಹುಪಾಲು ನಿಂತೇ ಇತ್ತು. ಸಹನ ಅಕ್ಷರ ಬಂದಾಗ ಓದಿದಳು, ಬಾರದಾಗ ಸುಮ್ಮನಿದ್ದಳು. ಆ ಮೌನದಲ್ಲಿ ಮೂವರೂ ನಿಂತ ನೀರನ್ನು ನೋಡಿದರು. ನೋಡುತ್ತ ನೋಡುತ್ತ ಅದು ಬೇಸಿಗೆಯ ನಾಲೆಯಂತೆ, ಬಿಸಿಲು ಮಲಗಿದ ಹೊಂಡದಂತೆ, ತನ್ನಷ್ಟಕ್ಕೆ ಚೆಲುವಾಗಿಯೂ ಕಂಡಿತು. ಕಂತು ಮುಗಿಯಲು ಎರಡು ನಿಮಿಷ ಇರುವಾಗ ಹುಡುಗಿ ಹುಟ್ಟನ್ನು ಮೇಲೆತ್ತಿದಳು. ಹುಟ್ಟಿನ ಅಂಚಿನಿಂದ ಒಂದು ಹನಿ ಇಳಿದು, ತಡೆದು, ಉದ್ದವಾಗಿ, ಬಿತ್ತು. ಬಿದ್ದಲ್ಲಿ ಉಂಗುರವೆದ್ದಿತು, ಉಂಗುರ ದೋಣಿಗೆ ತಾಗಿ ಒಂದು ಕಡೆ ಚಪ್ಪಟೆಯಾಗಿ ಹಿಂದಿರುಗಿತು. ನಾಲ್ಕು ಸೆಕೆಂಡು ಇದ್ದಿರಬೇಕು.

ಮಂಚಯ್ಯ ನೆಟ್ಟಗೆ ಕುಳಿತ. "ಅವ್ನೇ!" ಎಂದ.

"ಯಾರಪ್ಪ?"

"ದಂಡೆ ಮ್ಯಾಲೆ ಕುಂತಿದ್ದೋನು. ಅವ್ನು ಇನ್ನೂ ಅಲ್ಲೇ ಅವ್ನೆ ಕಣವ್ವ. ವಾರ್ವೆಲ್ಲ ಕೂತು ಅದೊಂದ್ ಅನಿ ಬರ್ದವ್ನೆ."

ಮರುದಿನ ಮುಂಜಾನೆ ನಾಲೆಯ ಮೇಲೆ ಮಂಜು ದಟ್ಟವಾಗಿತ್ತು. ಮಂಜಿನೊಳಗೆ ಏನೋ ಮೆಲ್ಲಗೆ ಬಂದು ತೂಬಿನ ಬಾಯಲ್ಲಿ ನಿಂತಂತಾಯಿತು. ಮಂಚಯ್ಯ ದಂಡೆಯ ಮೇಲಿಂದಲೇ ಮೂರು ಏರು ನೋಡಿದ, ಮೂರು ಇಳಿತ ನೋಡಿದ. ಫೋನಿನಲ್ಲಿ ದೇವರಾಜು, "ಎಷ್ಟದೆ ಅಣ್ಣೋ?" ಎಂದ.

"ಮೂರಡಿ ಏಳು ಗೀಟು," ಎಂದು ಮಂಚಯ್ಯ ಎತ್ತರದ ದನಿಯಲ್ಲಿ ಹೇಳಿದ, ದೇವರಾಜುವಿಗೆ ಮಾತ್ರವಲ್ಲ ಎಂಬಂತೆ.

ಕೆಳಗೆ ಏಳು ಮೆಟ್ಟಿಲುಗಳ ಮೇಲೆ, ಆರು ವಾರ ಅವನ ಪಾದ ಸವೆಸಿದ್ದ ಜಾಗದಲ್ಲಿ, ಪಾಚಿ ಮತ್ತೆ ಹಸುರಾಗಿ ಕೂಡತೊಡಗಿತ್ತು.